ಜೀರ್ಣೋದ್ಧಾರವೆಂಬ ಮಾತು

ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ, ಮೂಸಿ ನದಿಯ ದಡದಲ್ಲಿರುವ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಉಳಿಸಬೇಕೆ, ಕೆಡವಬೇಕೆ ಎಂಬ ವಾದ 2015ರಿಂದ ನಡೆದುಬಂದಿದೆ. ಕೆಡವಬೇಕೆನ್ನುವವರ ನಾಲಗೆಯ ಮೇಲೆ ‘ಶಿಥಿಲ’ವೆಂಬ ಮಾತು, ಉಳಿಸಬೇಕೆನ್ನುವವರ ನಾಲಗೆಯ ಮೇಲೆ ‘ಪರಂಪರೆ’ಯೆಂಬ ಮಾತು. ಕಟ್ಟಡಶಾಸ್ತ್ರ ನನ್ನ ವಿಷಯವಲ್ಲ. ಆದರೆ ಮಾತುಗಳನ್ನು ತೂಗಿ ನೋಡುವುದು ಕನ್ನಡ ಕಲಿಸುವವನ ಕಸುಬು. ಆ ಸಲುಗೆಯಿಂದ ಇದನ್ನು ಬರೆಯುತ್ತಿದ್ದೇನೆ.

ಬೀದರಿನ ನಮ್ಮಂಥವರಿಗೆ ಈ ಆಸ್ಪತ್ರೆ ಪರವೂರಿನದಲ್ಲ. ‘ಉಸ್ಮಾನಿಯಾಕ್ಕೆ ಒಯ್ದರು’ ಎಂದರೆ ಕಾಯಿಲೆ ಭಾರಿಯದೆಂದು ನಮ್ಮ ಓಣಿಯವರು ತಿಳಿಯುತ್ತಿದ್ದರು. ನಾನು ಹುಡುಗನಾಗಿದ್ದಾಗ ತಂದೆಯವರನ್ನೂ ಅಲ್ಲಿಗೆ ಒಯ್ದಿದ್ದೆವು. ಅವರು ನಡೆದುಕೊಂಡೇ ಮನೆಗೆ ಹಿಂದಿರುಗಿದರು. ಆದುದರಿಂದ ಆ ಗುಮ್ಮಟಗಳ ವಿಷಯದಲ್ಲಿ ನಾನು ತೀರ ನಿರ್ಲಿಪ್ತನಾದ ವಿಮರ್ಶಕನಲ್ಲವೆಂದು ಮೊದಲೇ ಒಪ್ಪಿಕೊಳ್ಳಬೇಕು.

1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನರನ್ನು ನುಂಗಿತು. ಅಲ್ಲಿದ್ದ ಹಿಂದಿನ ಆಸ್ಪತ್ರೆಯೂ ಹಾಳಾಯಿತು. ಈಗಿನ ಆಸ್ಪತ್ರೆಯ ಅಂಗಳದಲ್ಲಿರುವ ಹುಣಿಸೆಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ. ನೆರೆ ತಡೆಯುವ ಉಪಾಯ ಹೇಳಲು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡರು; ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. ಮುಂದೆ ಏಳನೆಯ ನಿಜಾಮರ ಆಳ್ವಿಕೆಯಲ್ಲಿ ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿ ಈ ಆಸ್ಪತ್ರೆಯನ್ನು ರೂಪಿಸಿದನು. ನೆರೆಯಲ್ಲಿ ನೊಂದ ಊರು ತನ್ನ ರೋಗಿಗಳಿಗಾಗಿ ಕಟ್ಟಿಕೊಂಡ ಮನೆ ಅದು.

2020ರ ಜುಲೈಯಲ್ಲಿ ಮಳೆನೀರೂ ಕೊಳಚೆನೀರೂ ವಾರ್ಡುಗಳಿಗೆ ನುಗ್ಗಿದವು. ಕಟ್ಟಡಕ್ಕೆ ಬೀಗ ಬಿತ್ತು. ನೀರು ನಿಂತ ವಾರ್ಡಿನಲ್ಲಿ ಮಲಗಿದ ರೋಗಿಗೆ ಪರಂಪರೆಯ ಪಾಠ ಹೇಳುವುದು ಕ್ರೌರ್ಯ. ಹಾಗೆಂದು ‘ಶಿಥಿಲ’ವೆಂಬ ಮಾತೂ ಪೂರ್ತಿ ಪ್ರಾಮಾಣಿಕವಲ್ಲ. ಶೈಥಿಲ್ಯ ತಾನಾಗಿ ಬರುವುದಕ್ಕಿಂತ ನಾವು ಬರಗೊಡುವುದೇ ಹೆಚ್ಚು.

ನಮ್ಮ ಶಾಸನಗಳನ್ನು ಓದಿದವರು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತನ್ನು ಬಲ್ಲರು. ಗುಡಿಗೆ ಭೂಮಿ ಬಿಡುವಾಗಲೇ, ಮುಂದೆ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ವೆಚ್ಚವನ್ನು ದಾನಿ ಅದರಲ್ಲಿ ಸೇರಿಸುತ್ತಿದ್ದನು. ಕಟ್ಟಿದ್ದು ಹಳತಾಗುತ್ತದೆಂಬ ತಿಳಿವು ಅವನಿಗೆ ಮೊದಲ ದಿನವೇ ಇತ್ತು. ನಮಗೆ ಅದು ಛಾವಣಿ ಉದುರಿದ ದಿನ ಬರುತ್ತದೆ.

2025ರ ಜನವರಿಯಲ್ಲಿ ಗೋಶಾಮಹಲಿನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆಯಾಯಿತು. ರೋಗಿಗಳಿಗೆ ಜಾಗ ಬೇಕು, ಅದಕ್ಕಾಗಿ ಹಳೆಯದನ್ನು ಕೆಡವಬೇಕೆಂಬ ವಾದಕ್ಕೆ ಇನ್ನು ಬಲವಿಲ್ಲ. ಆದರೆ ಬೀಗ ಹಾಕಿಟ್ಟ ಕಟ್ಟಡವನ್ನು ಕೆಡವಲು ಆಳುಗಳು ಬೇಕಿಲ್ಲ, ಹತ್ತು ಮಳೆಗಾಲ ಸಾಕು. ಹೊರರೋಗಿಗಳ ವಿಭಾಗವೋ ವೈದ್ಯಗ್ರಂಥಾಲಯವೋ, ಏನಾದರೂ ಆಗಲಿ. ಅಲ್ಲಿ ಜನ ಓಡಾಡುವಂತಾಗಬೇಕು, ದುರಸ್ತಿಯ ಹಣ ವರ್ಷವರ್ಷವೂ ಮೀಸಲಿರಬೇಕು. ಹೊಸ ಕಟ್ಟಡಕ್ಕೂ ಇಂದೇ ಆ ಪಾಲನ್ನು ತೆಗೆದಿಡದಿದ್ದರೆ, ನೂರು ವರ್ಷದ ಮೇಲೆ ಇನ್ನೊಬ್ಬ ಅಧ್ಯಾಪಕ ಇದೇ ಲೇಖನವನ್ನು ಮತ್ತೆ ಬರೆಯಬೇಕಾದೀತು.