ತಾಲೀಮಿಗೂ ಸಂಬಳ ಕೊಟ್ಟ ಘರಾಣೆ

ಬ್ಲೂ ನೋಟ್ ರೆಕಾರ್ಡುಗಳ ಬಗ್ಗೆ ಜಾಝ್ ಪ್ರಿಯರು ಮಾತಿಗೆ ಕೂತರೆ ಮೂರು ಹೆಸರು ಬಂದೇ ಬರುತ್ತವೆ: ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್, ಛಾಯಾಗ್ರಾಹಕ ಫ್ರಾನ್ಸಿಸ್ ವೂಲ್ಫ್, ರಕ್ಷಾಪುಟಗಳ ವಿನ್ಯಾಸಕಾರ ರೀಡ್ ಮೈಲ್ಸ್. ಮೂವರೂ ದೊಡ್ಡವರೇ. ಆದರೂ 1950ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ನ್ಯೂಯಾರ್ಕಿನ ಈ ಪುಟ್ಟ ಕಂಪನಿ ಹಾರ್ಡ್ ಬಾಪ್ ಶೈಲಿಗೆ ಒಂದು ಘರಾಣೆಯ ಗಟ್ಟಿತನ ತಂದುಕೊಟ್ಟದ್ದಕ್ಕೆ ಮುಖ್ಯ ಕಾರಣ ಬೇರೆ ಇದೆ. ಅದರ ಒಡೆಯ ಆಲ್ಫ್ರೆಡ್ ಲಯನ್ ಕಲಾವಿದರಿಗೆ ತಾಲೀಮಿನ ದಿನಗಳಿಗೂ ಸಂಬಳ ಕೊಡುತ್ತಿದ್ದ.

ಲಯನ್ ಬರ್ಲಿನ್ನಿನಿಂದ ವಲಸೆ ಬಂದವನು. ಕಂಪನಿ ಶುರುವಾದದ್ದು 1939ರಲ್ಲಿ. ಬಾಲ್ಯದ ಗೆಳೆಯ ವೂಲ್ಫ್ ಅದೇ ವರ್ಷ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಜೊತೆಗೂಡಿದ. ಇಬ್ಬರೂ ಸಂಗೀತ ಕಲಿತವರಲ್ಲ, ಕೇಳಿ ಬೆಳೆದವರು. 1947ರಲ್ಲಿ ಥೆಲೋನಿಯಸ್ ಮಂಕ್‌ನ ಪಿಯಾನೋ ಯಾರಿಗೂ ಬೇಡವಾಗಿದ್ದಾಗ ಅವನನ್ನು ಕರೆತಂದು, ರೆಕಾರ್ಡುಗಳು ಮಾರಾಟವಾಗದಿದ್ದರೂ 1952ರ ತನಕ ಅವನ ಕೈ ಬಿಡದಿದ್ದದ್ದು ಆ ಕಿವಿಗಳೇ.

ತಾಲೀಮು ಏನು ಮಾಡಬಲ್ಲದು ಎಂಬುದಕ್ಕೆ ಜಾನ್ ಕೋಲ್ಟ್ರೇನ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. 1957ರಲ್ಲಿ ಅವನು ಪ್ರೆಸ್ಟೀಜ್ ಕಂಪನಿಯ ಒಪ್ಪಂದದಲ್ಲಿದ್ದ. ಅಲ್ಲಿಗಾಗಿ ಅವನು ನುಡಿಸಿದ್ದೆಲ್ಲ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ವ್ಯಾನ್ ಗೆಲ್ಡರ್ ತನ್ನ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲೇ ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ಲೂ ನೋಟ್‌ಗಾಗಿ ‘ಬ್ಲೂ ಟ್ರೇನ್’ ನುಡಿಸಿದ್ದೂ ಅಲ್ಲಿಯೇ, ಅದೇ ಮೈಕುಗಳ ಎದುರಿಗೆ. ಪ್ರೆಸ್ಟೀಜ್‌ನ ಹಲವು ರೆಕಾರ್ಡುಗಳಲ್ಲಿ ಪರಿಚಿತ ಹಾಡೊಂದನ್ನು ಎತ್ತಿಕೊಂಡು, ಸರದಿಯಂತೆ ಸೋಲೋ ನುಡಿಸಿ, ಮುಗಿಸಿ ಎದ್ದಂತೆ ಕೇಳುತ್ತದೆ. ‘ಬ್ಲೂ ಟ್ರೇನ್’ನ ಐದರಲ್ಲಿ ನಾಲ್ಕು ರಚನೆ ಕೋಲ್ಟ್ರೇನ್‌ನವೇ. ಟ್ರಂಪೆಟ್, ಟ್ರೋಂಬೋನ್, ಸ್ಯಾಕ್ಸೋಫೋನ್ ಮೂರೂ ಒಂದೇ ಉಸಿರಿನಲ್ಲಿ ಪಲ್ಲವಿ ಹಿಡಿಯುತ್ತವೆ. ಸೋಲೋ ನಡೆಯುವಾಗ ಹಿನ್ನೆಲೆಯ ಒತ್ತು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಕೋಣೆ, ಧ್ವನಿಮುದ್ರಕ, ವಾದಕ ಎಲ್ಲ ಒಂದೇ ಆಗಿದ್ದಾಗ ವ್ಯತ್ಯಾಸವನ್ನು ಬೇರೆಲ್ಲಿ ಹುಡುಕುವುದು?

ಮೈಲ್ಸ್ ಡೇವಿಸ್ 1956ರಲ್ಲಿ ಎರಡೇ ದಿನ ಅಲ್ಲಿ ಕೂತು ನಾಲ್ಕು ಆಲ್ಬಮ್ಮಿಗಾಗುವಷ್ಟು ಅದ್ಭುತ ಸಂಗೀತ ಕೊಟ್ಟನಲ್ಲ, ಅದೂ ಪ್ರೆಸ್ಟೀಜ್‌ಗೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆ ತಂಡ ಕ್ಲಬ್ಬುಗಳಲ್ಲಿ ರಾತ್ರಿಯಿಂದ ರಾತ್ರಿಗೆ ನುಡಿಸಿ ಪಳಗಿತ್ತು. ಅವರ ತಾಲೀಮು ಅಲ್ಲೇ ನಡೆದಿತ್ತು. ಅಂಥ ಕಾಯಂ ತಂಡವಿಲ್ಲದವರಿಗೂ ಲಯನ್ ಆ ಅನುಕೂಲ ಒದಗಿಸಿದ. ಮನೋಧರ್ಮ ಅರಳಬೇಕಾದರೆ ಮೊದಲು ಕೃತಿ ಕೈಗೆ ಹತ್ತಿರಬೇಕು ಎಂಬುದನ್ನು ಕರ್ನಾಟಕ ಸಂಗೀತ ಕೇಳುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಘರಾಣೆಯ ದೋಷಗಳೂ ಸಣ್ಣವಲ್ಲ. ವ್ಯಾನ್ ಗೆಲ್ಡರ್‌ನ ಡ್ರಮ್ಸ್ ಮೈಮೇಲೆ ಬಂದಂತಿರುತ್ತದೆ, ಆದರೆ ಅವನ ಪಿಯಾನೋ ಪೆಟ್ಟಿಗೆಯೊಳಗಿಂದ ನುಡಿದಂತೆ ಮಂಕು. ತಾನು ಹಿಡಿಯುವ ವಾದಕರ ನಾದವನ್ನೇ ಅವನು ಬದಲಿಸುತ್ತಾನೆ ಎಂಬ ಚಾರ್ಲ್ಸ್ ಮಿಂಗಸ್‌ನ ದೂರಿನಲ್ಲಿ ಹುರುಳಿದೆ. ಇನ್ನು ಲೀ ಮಾರ್ಗನ್‌ನ ‘ದಿ ಸೈಡ್‌ವೈಂಡರ್’ 1964ರಲ್ಲಿ ಊಹೆಗೂ ಮೀರಿ ಮಾರಾಟವಾದ ಮೇಲೆ, ಆಲ್ಬಮ್ಮಿಗೊಂದು ಅದೇ ಬಗೆಯ ಕುಣಿಸುವ ಮೊದಲ ಹಾಡು ಇರಲೇಬೇಕೆಂಬ ಚಾಳಿ ಹತ್ತಿತು. ಎರಿಕ್ ಡಾಲ್ಫಿಯ ‘ಔಟ್ ಟು ಲಂಚ್’ ಮುದ್ರಣಗೊಂಡದ್ದೂ 1964ರಲ್ಲೇ ಎಂಬುದನ್ನು ನೆನೆದರೆ, ಆ ಹಾದಿಯಲ್ಲಿ ಇನ್ನೂ ದೂರ ಹೋಗದೆ ಉಳಿದದ್ದಕ್ಕೆ ಮರುಗುತ್ತೇನೆ.

ಸಂಗ್ರಾಹಕರ ಲೋಕದಲ್ಲಿ ಇದ್ಯಾವುದೂ ಲೆಕ್ಕಕ್ಕಿಲ್ಲ. ಲೇಬಲ್ಲಿನ ಮೇಲೆ ಯಾವ ವಿಳಾಸವಿದೆ, ನಡುವಿನ ಗೀರು ಆಳವಾಗಿದೆಯೇ, ಪ್ಲಾಸ್ಟಿಲೈಟ್ ಕಾರ್ಖಾನೆಯ ‘ಕಿವಿ’ ಗುರುತು ಕಾಣುತ್ತದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಹ್ಯಾಂಕ್ ಮೋಬ್ಲಿಯ 1568 ಕ್ರಮಸಂಖ್ಯೆಯ ಮೊದಲ ಮುದ್ರಣ ಸಾವಿರಾರು ಡಾಲರಿಗೆ ಹೋಗುತ್ತದೆ. ಅದೇ ಮೋಬ್ಲಿ 1960ರಲ್ಲಿ ಆರ್ಟ್ ಬ್ಲೇಕಿಯ ಡ್ರಮ್ಸ್ ಜೊತೆ ನುಡಿಸಿದ ‘ಸೋಲ್ ಸ್ಟೇಷನ್’ ಅದಕ್ಕಿಂತ ಎಷ್ಟೋ ಪಾಲು ಮೇಲು, ಮರುಮುದ್ರಣದಲ್ಲಿ ಸುಲಭವಾಗಿ ಸಿಗುತ್ತದೆ ಕೂಡ. ಹಳೆಯ ತಟ್ಟೆಗಳ ಬಿರುಸು, ಎದೆಗೆ ಬಡಿಯುವ ಗುಣ ನನಗೂ ಪ್ರಿಯ. ಆದರೆ ಅವು ಆ ಕಾಲದ ಮನೆಮನೆಯ ಪ್ಲೇಯರುಗಳಿಗೆ ಹೊಂದುವಂತೆ ಕೆತ್ತಿದವು. ಮೂಲ ಟೇಪಿನಿಂದ ಕೆವಿನ್ ಗ್ರೇ ಕೆತ್ತಿರುವ, 2019ರಲ್ಲಿ ಆರಂಭವಾದ ‘ಟೋನ್ ಪೊಯೆಟ್’ ಮಾಲೆಯಲ್ಲಿ ಬಾಸ್‌ನ ತಂತಿ ಎಷ್ಟೋ ತುಂಬಿಕೊಂಡು ಕೇಳುತ್ತದೆ.

ಮೊದಲ ಮುದ್ರಣದ ಹಿಂದೆಯೇ ಬಿದ್ದವರು ಟೀನಾ ಬ್ರೂಕ್ಸ್‌ನನ್ನು ಪೂರ್ತಿ ಕೇಳಲಾರರು. ಮೃದುವಾದ, ಒಳಗೇ ಬೇಯುವ ಸ್ಯಾಕ್ಸೋಫೋನ್ ಅವನದು. ಬ್ಲೂ ನೋಟ್ ಅವನ ಹೆಸರಿನಲ್ಲಿ ನಾಲ್ಕು ಆಲ್ಬಮ್ಮಿಗಾಗುವಷ್ಟು ಮುದ್ರಿಸಿಕೊಂಡಿತು. ಅವನು ಬದುಕಿದ್ದಾಗ ಹೊರಬಂದದ್ದು 1960ರ ‘ಟ್ರೂ ಬ್ಲೂ’ ಒಂದೇ. ತಾಲೀಮಿಗೂ ಹಣ ಕೊಟ್ಟ ಅದೇ ಲಯನ್ ಉಳಿದ ಮೂರನ್ನು ಕಪಾಟಿನಲ್ಲಿಟ್ಟ. ಇದನ್ನು ಕ್ಷಮಿಸಲು ನನ್ನಿಂದಾಗದು. 1974ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಬ್ರೂಕ್ಸ್ ತೀರಿಕೊಂಡ. ಮುಂದೆ ಮೈಕೇಲ್ ಕಸ್ಕೂನ ಉಗ್ರಾಣದ ಟೇಪುಗಳನ್ನು ಒಂದೊಂದಾಗಿ ಕೇಳಿ, 1985ರಲ್ಲಿ ತನ್ನ ಮೊಸಾಯಿಕ್ ಕಂಪನಿಯಿಂದ ನಾಲ್ಕನ್ನೂ ಒಟ್ಟಿಗೆ ಹೊರತಂದ. ಹೊಸದಾಗಿ ಸಂಗ್ರಹ ಶುರುಮಾಡುವವರು ‘ಬ್ಯಾಕ್ ಟು ದಿ ಟ್ರ್ಯಾಕ್ಸ್’ ಎಂಬ ಅವನ ಆಲ್ಬಮ್ಮನ್ನು ಮೊದಲು ಕೊಳ್ಳಲಿ, ಯಾವ ಮುದ್ರಣದಲ್ಲಿ ಸಿಕ್ಕರೂ ಸರಿ.