ಸರೋವರಗಳ ಮೀನಿನ ಚರಿತ್ರೆಯೂ ಪ್ಲವಕಪ್ರಾಣಿಗಳ ದಿನಚರಿಯೂ

ಸರೋವರಗಳಲ್ಲಿ ತೇಲಿ ಬಾಳುವ ಸೂಕ್ಷ್ಮಪ್ರಾಣಿಗಳಲ್ಲಿ ಅನೇಕವು ಹಗಲು ಕತ್ತಲೆಯ ಆಳಕ್ಕಿಳಿದು, ಇರುಳು ಮೇಲಕ್ಕೇರಿ ಬರುತ್ತವೆ. ಆಹಾರವು ಮೇಲ್ಪದರದಲ್ಲಿ ಸಮೃದ್ಧವಾಗಿರುವಾಗ ಕೆಳಗಣ ತಣ್ಣೀರನ್ನು ಸೇರುವುದು ನಷ್ಟವೇ ಸರಿ. ಈ ನಷ್ಟವನ್ನು ಅವು ಸಹಿಸುವುದೇಕೆ? ಪೋಲೆಂಡಿನ ವಿಜ್ಞಾನಿ ಗ್ಲಿವಿಚ್ 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರವು ಚರಿತ್ರೆಯ ಅಭ್ಯಾಸಿಗಳಾದ ನಮಗೂ ವಿಚಾರಾರ್ಹವಾಗಿದೆ. ಅವರ ವಾದವು ಕಾಲಗಣನೆಯನ್ನೇ ಆಧರಿಸಿದೆ.

ಟಾಟ್ರಾ ಪರ್ವತಗಳ ಕೆಲವು ಸರೋವರಗಳಲ್ಲಿ ಮೀನು ಸಹಜವಾಗಿಯೇ ಇದ್ದಿತು. ಕೆಲವಕ್ಕೆ ಮನುಷ್ಯರು ಬೇರೆಬೇರೆ ಕಾಲಗಳಲ್ಲಿ ತಂದು ಬಿಟ್ಟರು. ಉಳಿದವು ಮೀನಿಲ್ಲದೆಯೇ ಇದ್ದುವು. ಸೈಕ್ಲಾಪ್ಸ್ ಅಬಿಸೋರಮ್ ಎಂಬ ಒಂದೇ ಜಾತಿಯನ್ನು ಇವುಗಳಲ್ಲಿ ಪರಿಶೀಲಿಸಿದಾಗ, ಮೀನಿನ ವಾಸ ಹಳೆಯದಾದಷ್ಟೂ ಏರಿಳಿತದ ಅಂತರ ಹೆಚ್ಚೆಂದು ಕಂಡುಬಂದಿತು. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಹಗಲು ಮೇಲುಳಿದವು ತುತ್ತಾಗಿ, ಕೆಳಗಿಳಿದವುಗಳ ಸಂತತಿಯೇ ಬೆಳೆಯಿತೆಂಬುದು ಗ್ಲಿವಿಚ್ಚರ ಪ್ರತಿಪಾದನೆ.

ಮೀನಿನ ಪ್ರಾಚೀನತೆಯನ್ನು ಪ್ರಮಾಣವನ್ನಾಗಿ ಬಳಸಿದ ಈ ಕ್ರಮವು ಶ್ಲಾಘ್ಯವಾದುದು. ಅಲ್ಲಿಯ ಮೊರ್ಸ್ಕಿಎ ಓಕೊ ಸರೋವರಕ್ಕೆ ಹಿಂದೆ ‘ಮೀನುಕೊಳ’ವೆಂಬ ಅರ್ಥದ ಹೆಸರಿದ್ದಿತೆಂಬುದನ್ನು ನೆನೆದರೆ, ಸ್ಥಳನಾಮವೂ ಇಂತಹ ಶೋಧನೆಗೆ ಸಾಕ್ಷಿಯಾಗಬಲ್ಲುದು.

ಆದರೆ ಇಲ್ಲಿ ಎರಡು ಆಕ್ಷೇಪಗಳಿಗೆ ಎಡೆಯುಂಟು. ಅಕ್ಕಪಕ್ಕದ ಹಲವು ಸರೋವರಗಳನ್ನು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಅದು ಒಂದೇ ಸರೋವರದ ಚರಿತ್ರೆಯಾಗದು. ಆಳ, ಆಹಾರ, ನೀರಿನ ತಿಳಿತನ ಇವು ಒಂದೊಂದರಲ್ಲಿ ಒಂದೊಂದು ಬಗೆ. ಎರಡನೆಯದಾಗಿ, ಮೀನು ವಾಸಿಸಿದ ನೀರಿನ ವಾಸನೆಯೊಂದೇ ಡಾಫ್ನಿಯಾ ಎಂಬ ನೀರುಚಿಗಟವನ್ನು ಕೆಳಗಿಳಿಸಬಲ್ಲುದೆಂದು 1993ರ ಹೊತ್ತಿಗೆ ಪ್ರಯೋಗಗಳು ತೋರಿಸಿದುವು. ಆ ಸಂಕೇತದ್ರವ್ಯವು ಮೀನಿನ ಪಿತ್ತಲವಣವೆಂದು 2019ರಲ್ಲಿ ನಿರ್ಣಯವಾಯಿತು. ಹೀಗಿರುವಲ್ಲಿ, ಇಳಿಯುವಿಕೆಯು ತಲೆಮಾರುಗಳ ಆಯ್ಕೆಯ ಫಲವೋ, ತತ್ಕಾಲದ ಪ್ರತಿಕ್ರಿಯೆಯೋ ಎಂಬ ಸಂದೇಹ ಏಳುವುದು ಸಹಜ.

ಇದನ್ನು ಪರಿಹರಿಸಲು ಒಂದೇ ಜಲಾಶಯದ ಅನುಕ್ರಮವಾದ ದಾಖಲೆ ಬೇಕು. ಬೆಲ್ಜಿಯಂನ ಔಡ್ ಹೆವರ್ಲೀ ಕೊಳದ ಕೆಸರಿನ ಪದರಗಳಲ್ಲಿ ಅಂತಹ ದಫ್ತರವೇ ದೊರೆಯಿತು. ಅಲ್ಲಿ ಹುದುಗಿದ್ದ ಡಾಫ್ನಿಯಾದ ಸುಪ್ತಾಂಡಗಳನ್ನು ಮರಿಮಾಡಿಸಿ ನೋಡಿದಾಗ, ಮೀನಿನ ವಾಸನೆಗೆ ಅವು ಬೆಳಕಿನಿಂದ ಹಿಂಜರಿಯುವ ಪ್ರಮಾಣವು ಆಯಾ ಕಾಲದ ಮೀನಿನ ಕಾಟಕ್ಕನುಸಾರವಾಗಿ ವಂಶಗತವಾಗಿಯೇ ಬದಲಾಗಿತ್ತೆಂದು 2001ರಲ್ಲಿ ಪ್ರಕಟವಾಯಿತು. ಅಲ್ಲಿ ಅಳೆದುದು ಸರೋವರದ ಆಳದ ಪಯಣವನ್ನಲ್ಲ, ಬೆಳಕಿಗೆ ತೋರುವ ಪ್ರತಿಕ್ರಿಯೆಯನ್ನು, ಪ್ರಾಣಿಯೂ ಬೇರೆ. ಆದರೂ ಆಯ್ಕೆ ಮತ್ತು ಪ್ರತಿಕ್ರಿಯೆಗಳು ಪರಸ್ಪರ ವಿರೋಧಿಗಳಲ್ಲವೆಂಬುದು ಇದರಿಂದ ಸ್ಪಷ್ಟ: ಪ್ರತಿಕ್ರಿಯಿಸುವ ಶಕ್ತಿಯೇ ಆಯ್ಕೆಗೊಳಗಾಗುತ್ತದೆ.

ಆದುದರಿಂದ, ಭಕ್ಷಕಭಯವೇ ಈ ಚಲನೆಯ ಮುಖ್ಯ ಕಾರಣವೆಂಬ ಗ್ಲಿವಿಚ್ಚರ ಮತವು ನಿಲ್ಲುತ್ತದೆ. ಟಾಟ್ರಾ ಸರೋವರಗಳ ಸಾಲು ಕಾಲವು ಪರಿಣಾಮಕಾರಿಯೆಂದು ಸೂಚಿಸಿತು. ಕಾಲವು ಹೇಗೆ ಕೆಲಸಮಾಡಿತೆಂಬುದನ್ನು ಕೆಸರಿನ ಪದರಗಳೇ ಹೇಳಬೇಕಾಯಿತು.