ಕಾಗೋಡಿನ ಗದ್ದೆ, ವಿಧಾನಸೌಧದ ಮೆಟ್ಟಿಲು: ಸಮಾಜವಾದಿಗಳ ತತ್ವ ಮತ್ತು ರಾಜಿ

ಕರ್ನಾಟಕದ ಸಮಾಜವಾದಿಗಳ ಮಾತು ಬಂದಾಗ ಜನ ಅವರನ್ನು ಎರಡು ಸಾಲಿನಲ್ಲಿ ನಿಲ್ಲಿಸುವುದು ರೂಢಿ. ಒಂದು ಸಾಲಿನಲ್ಲಿ ಶಾಂತವೇರಿ ಗೋಪಾಲಗೌಡರು ಹೆಚ್ಚುಕಡಿಮೆ ಒಬ್ಬರೇ. ಇನ್ನೊಂದರಲ್ಲಿ ಬಂಗಾರಪ್ಪ, ಜೆ.ಎಚ್. ಪಟೇಲ್, ಕಾಗೋಡು ತಿಮ್ಮಪ್ಪ, ಜಾರ್ಜ್ ಫರ್ನಾಂಡಿಸ್, ಅಂದರೆ ಅಧಿಕಾರದ ಕಡೆಗೆ ನಡೆದವರು. ಮೊದಲ ಸಾಲಿಗೆ ಕೈಮುಗಿದು, ಎರಡನೆಯ ಸಾಲಿನ ಎದುರು ನಿಟ್ಟುಸಿರು ಬಿಟ್ಟು ಚರ್ಚೆ ಮುಗಿಸುತ್ತಾರೆ. ಚಳವಳಿ ಯಾರಿಗಾಗಿ ಹುಟ್ಟಿತೋ ಆ ಗೇಣಿದಾರ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಯಾರು ಶುದ್ಧ, ಯಾರು ಕೆಟ್ಟರು ಎಂದು ಅಳೆಯುವುದರ ಬದಲು, ಯಾರ ಹಟದಿಂದ ಏನು ಸಿಕ್ಕಿತು, ಯಾರ ರಾಜಿಯಿಂದ ಏನು ದಕ್ಕಿತು ಎಂದು ನೋಡಿದರೆ ಈ ಸಣ್ಣ ಚಳವಳಿಯ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಆರಂಭ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗೇಣಿ ಅಳೆಯುವಾಗ ಒಡೆಯರು ಬಳಸುತ್ತಿದ್ದ ಕೊಳಗ ಅಳತೆಗಿಂತ ದೊಡ್ಡದು. ಅದರ ಮೇಲೆ ಬಿಟ್ಟಿ ದುಡಿಮೆ, ಉಡುಗೆ ತೊಡುಗೆಗೂ ಕಟ್ಟಳೆ. ಎಚ್. ಗಣಪತಿಯಪ್ಪನವರ ರೈತ ಸಂಘದ ಬೆಂಬಲದಿಂದ ದೀವರ ಗೇಣಿದಾರರು ಇದನ್ನು ಪ್ರಶ್ನಿಸಿದಾಗ ಒಡೆಯರು ಅವರನ್ನು ಗೇಣಿ ಜಮೀನಿನಿಂದಲೇ ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ರೈತರು ಗದ್ದೆಗಿಳಿದು ಉಳಲು ಹೊರಟು, ತಂಡ ತಂಡವಾಗಿ ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇಶದ ಪತ್ರಿಕೆಗಳಿಗೆ ಕಾಗೋಡಿನ ಹೆಸರು ಗೊತ್ತಾಯಿತು.

ನೆನಪಿಡಬೇಕಾದ ಸಂಗತಿಯೆಂದರೆ, ಸತ್ಯಾಗ್ರಹವನ್ನು ಹುಟ್ಟುಹಾಕಿದ್ದು ಸಮಾಜವಾದಿ ಪಕ್ಷವಲ್ಲ, ಊರಿನ ರೈತರು. ಪಕ್ಷ ಅವರ ಜೊತೆ ಸೇರಿಕೊಂಡಿತು, ಅದಕ್ಕೆ ಮಾತು ಕೊಟ್ಟಿತು. ಗದ್ದೆ ಮಾತ್ರ ಆಗ ರೈತರ ಕೈಗೆ ಬರಲಿಲ್ಲ. ಬಂದದ್ದು ಒಂದು ರಾಜಕೀಯ ನೆಲೆ. ಮರುವರ್ಷದ ಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಸಾಗರ-ಹೊಸನಗರದಿಂದ ಶಾಸಕರಾದರು.

ಇದೇ ಹೊತ್ತಿಗೆ ದೇಶದ ಸಮಾಜವಾದಿಗಳ ಮನೆಯೊಳಗೆ ಜಗಳ ಹತ್ತಿಕೊಂಡಿತ್ತು. ಹಿಂದುಳಿದ ಆರ್ಥಿಕತೆಯ ದೇಶದಲ್ಲಿ ವಿರೋಧ ಪಕ್ಷವೂ ಸರ್ಕಾರದ ಜೊತೆ ಸಹಕರಿಸಬೇಕಾಗುತ್ತದೆ ಎಂಬ ವಾದವನ್ನು ಅಶೋಕ್ ಮೆಹ್ತಾ 1953ರಲ್ಲಿ ಬೇತೂಲ್‌ನಲ್ಲಿ ಮುಂದಿಟ್ಟರು. ಮರುವರ್ಷ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಪಟ್ಟಂ ತಾಣು ಪಿಳ್ಳೈ ಸರ್ಕಾರವಿದ್ದಾಗ, ತಮಿಳು ತಾಲ್ಲೂಕುಗಳನ್ನು ಮದರಾಸಿಗೆ ಸೇರಿಸಬೇಕೆಂದು ಚಳವಳಿ ನಡೆಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಪಕ್ಷದ ಪ್ರಧಾನ ಕಾರ್ಯದರ್ಶಿ ಲೋಹಿಯಾ ಜೈಲಿನಿಂದಲೇ ತಮ್ಮದೇ ಸರ್ಕಾರದ ರಾಜೀನಾಮೆ ಕೇಳಿದರು. ಪಕ್ಷ ಒಪ್ಪಲಿಲ್ಲ. ಕೊನೆಗೆ ಪಕ್ಷ ಒಡೆದು, 1955ರ ಕೊನೆಗೆ ಹೈದರಾಬಾದಿನಲ್ಲಿ ಲೋಹಿಯಾ ಅವರ ಸೋಷಲಿಸ್ಟ್ ಪಕ್ಷ ಹುಟ್ಟಿತು. ಗೋಪಾಲಗೌಡರು ಅದರ ಜೊತೆ ನಿಂತರು.

ಲೋಹಿಯಾ ಕೇಳಿದ್ದು ಸರಿಯೇ. ಗೇಣಿದಾರರ ಮೇಲೆ ಲಾಠಿ ಎತ್ತಿದ ಸರ್ಕಾರವನ್ನು ಮೈಸೂರಿನಲ್ಲಿ ಖಂಡಿಸಿದವರು ತಮ್ಮ ಸರ್ಕಾರದ ಗುಂಡಿಗೆ ಸಮಜಾಯಿಷಿ ಕೊಡುವಂತಿರಲಿಲ್ಲ. ಆದರೆ ಸರಿಯಾದ ಆ ನಿಲುವಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಒಡೆದ ಪಕ್ಷಕ್ಕೆ ಊರೂರಿನ ಕಚೇರಿ, ಚಂದಾ, ಪೂರ್ಣಾವಧಿ ಕಾರ್ಯಕರ್ತರು ಯಾವುದೂ ಗಟ್ಟಿಯಾಗಿ ಉಳಿಯಲಿಲ್ಲ. ಉಳಿದದ್ದು ವ್ಯಕ್ತಿಗಳು.

ಆ ವ್ಯಕ್ತಿಗಳಲ್ಲಿ ಗೋಪಾಲಗೌಡರು ಎತ್ತರದವರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಭೂಸುಧಾರಣೆ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವುಗಳಿಗಾಗಿ ಸದನದಲ್ಲಿ ಹೋರಾಡಿದರು. ಮತದಾರರು ಮತದ ಜೊತೆಗೆ ಹಣವನ್ನೂ ಕೊಟ್ಟು ಅವರನ್ನು ಗೆಲ್ಲಿಸಿದ ಕಥೆಯನ್ನು ಮಲೆನಾಡಿನಲ್ಲಿ ಈಗಲೂ ಹೇಳುತ್ತಾರೆ. ಆಸ್ತಿ ಮಾಡಲಿಲ್ಲ, ಕಾಯಿಲೆಯಲ್ಲಿ ನರಳಿದರು, 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ. ಭೂಸುಧಾರಣೆಯನ್ನಾಗಲೀ 1973ರ ನಾಮಕರಣವನ್ನಾಗಲೀ ಅವರು ಕಾಣಲಿಲ್ಲ.

ಕನ್ನಡದ ಲೇಖಕರು ಅವರನ್ನು ಅಪಾರವಾಗಿ ಪ್ರೀತಿಸಿದರು. ಅನಂತಮೂರ್ತಿಯವರ 1978ರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಹಿಂದೆ ಗೋಪಾಲಗೌಡರ ಬದುಕಿದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಲಂಕೇಶ್, ತೇಜಸ್ವಿ ಕೂಡ ಇದೇ ಚಿಂತನೆಯ ಬಿಸಿಲಲ್ಲಿ ಬೆಳೆದವರು. ಬೇರೆ ಯಾವ ಪಕ್ಷಕ್ಕೂ ಸಿಗದ ಭಾಗ್ಯ ಇದು. ಆದರೆ ಇದರಿಂದ ಒಂದು ನಷ್ಟವೂ ಆಯಿತು. ರಾಜಕಾರಣವೆಂದರೆ ನಾಯಕನೊಬ್ಬನ ಅಂತಃಸಾಕ್ಷಿಯ ತೊಳಲಾಟ ಎಂಬ ಭಾವನೆ ಓದುಬರಹ ಬಲ್ಲವರಲ್ಲಿ ಬೇರೂರಿತು. ಗೇಣಿದಾರನ ಪಹಣಿಯಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆ ಹಿಂದೆ ಸರಿದು, ನಾಯಕನ ಕೈ ಶುದ್ಧವೇ ಎಂಬುದು ಮುಂದೆ ಬಂತು.

ಪಹಣಿಯ ಪ್ರಶ್ನೆಗೆ ಉತ್ತರ ಬಂದದ್ದು ಸಮಾಜವಾದಿಗಳು ಎರಡು ದಶಕ ವಿರೋಧಿಸಿದ ಕಾಂಗ್ರೆಸ್ಸಿನಿಂದ. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು, 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯನ್ನು ಜಾರಿಗೆ ತಂದರು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನು ಅರ್ಜಿ ಕೊಟ್ಟು ಅದನ್ನು ಪಡೆಯಬಹುದಿತ್ತು. ಭೂನ್ಯಾಯ ಮಂಡಳಿಗಳ ರಚನೆಯಲ್ಲಿ ಜಾಣತನವಿತ್ತು: ಉಪವಿಭಾಗಾಧಿಕಾರಿಯ ಜೊತೆ ಸ್ಥಳೀಯ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟರು, ವಕೀಲರಿಗೆ ಪ್ರವೇಶವಿಲ್ಲ. ಓದು ಬಾರದ ಗೇಣಿದಾರ ಒಡೆಯನ ವಕೀಲನೆದುರು ತಬ್ಬಿಬ್ಬಾಗುವ ಪ್ರಮೇಯ ತಪ್ಪಿತು. ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಮಲೆನಾಡು, ಕರಾವಳಿಯ ಊರುಗಳ ಚಹರೆ ಒಂದೇ ತಲೆಮಾರಿನಲ್ಲಿ ಬದಲಾಯಿತು.

ಸಮಾಜವಾದಿಗಳು ಕಾಂಗ್ರೆಸ್ ಸೇರಿದ್ದನ್ನು ಇದರ ಎದುರಿಟ್ಟು ತೂಗಬೇಕು. 1972ರಲ್ಲಿ ಸಮಾಜವಾದಿಯಾಗಿ ಸಾಗರದಿಂದ ಗೆದ್ದ ಕಾಗೋಡು ತಿಮ್ಮಪ್ಪ ಮುಂದೆ ಕಾಂಗ್ರೆಸ್ಸಿಗೆ ಹೋದರು. ಅದನ್ನು ಪಕ್ಷಾಂತರವೆಂದು ಕರೆದವರಿದ್ದಾರೆ. ಆದರೆ 2016ರಲ್ಲಿ ಕಂದಾಯ ಸಚಿವರಾದ ಮೇಲೂ ಅವರು ಕೈಹಾಕಿದ್ದು ಹಳೆಯ ಕೆಲಸಕ್ಕೇ: ಹಾಡಿ, ಹಟ್ಟಿ, ತಾಂಡಾಗಳಲ್ಲಿ ದಾಖಲೆಯಿಲ್ಲದೆ ಬದುಕುತ್ತಿದ್ದವರಿಗೆ ಮನೆಯ ಹಕ್ಕು ಕೊಡುವ ತಿದ್ದುಪಡಿಗೆ. ಪಕ್ಷ ಬದಲಾಯಿತು, ಗೇಣಿದಾರನ ಕಡೆಗಿದ್ದ ಮುಖ ಬದಲಾಗಲಿಲ್ಲ. ಇಂಥ ರಾಜಿಯನ್ನು ದ್ರೋಹವೆನ್ನುವುದು ಅನ್ಯಾಯ.

ಲೋಹಿಯಾ ಅವರೇ ರಾಜಿಗೆ ಹೊರತಾಗಿರಲಿಲ್ಲ. 1954ರಲ್ಲಿ ಒಂದು ಗೋಲಿಬಾರಿಗಾಗಿ ಪಕ್ಷವನ್ನೇ ಪಣಕ್ಕಿಟ್ಟವರು, 1963ರ ಹೊತ್ತಿಗೆ ಕಾಂಗ್ರೆಸ್ಸನ್ನು ಇಳಿಸಲು ಜನಸಂಘದ ಜೊತೆಗೂ ಕೈಜೋಡಿಸಬಹುದೆಂದರು. 1967ರಲ್ಲಿ ಆ ಸೂತ್ರ ಬಿಹಾರ, ಉತ್ತರ ಪ್ರದೇಶಗಳಲ್ಲಿ ಫಲಿಸಿತು. ಫಲ ಬೇಗ ಕೊಳೆಯಿತು. ಲೋಕಸಭೆಗೆ ಗೆದ್ದಿದ್ದ ಬಿ.ಪಿ. ಮಂಡಲ್ ಬಿಹಾರದಲ್ಲಿ ಮಂತ್ರಿಯಾದರು. ಲೋಹಿಯಾ ಆಕ್ಷೇಪಿಸಿದಾಗ ಮಂಡಲ್ ಬೇರೆ ದಳ ಕಟ್ಟಿ, ಸರ್ಕಾರ ಉರುಳಿಸಿ, 1968ರ ಫೆಬ್ರುವರಿಯಲ್ಲಿ ತಾವೇ ಮುಖ್ಯಮಂತ್ರಿಯಾದರು. ಅಷ್ಟರಲ್ಲಿ ಲೋಹಿಯಾ ತೀರಿಕೊಂಡು ನಾಲ್ಕು ತಿಂಗಳಾಗುತ್ತ ಬಂದಿತ್ತು. ಹೊಂದಾಣಿಕೆಗೆ ಅವರು ಹಾಕಿದ್ದ ಷರತ್ತುಗಳೂ ಅವರೊಂದಿಗೇ ಹೋದವು.

ಷರತ್ತಿಲ್ಲದ ಹೊಂದಾಣಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲೇ ಸಾಕ್ಷಿಗಳಿವೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಮುಂಬಯಿಯ ಎಸ್.ಕೆ. ಪಾಟೀಲರನ್ನು ಸೋಲಿಸಿ, 1974ರ ರೈಲ್ವೆ ಮುಷ್ಕರ ನಡೆಸಿದ ನಾಯಕ. 1979ರಲ್ಲಿ ಮೊರಾರ್ಜಿ ಸರ್ಕಾರವನ್ನು ಲೋಕಸಭೆಯಲ್ಲಿ ಸಮರ್ಥಿಸಿದ ಬೆನ್ನಿಗೇ ಅದನ್ನು ತೊರೆದರು. 1998ರಲ್ಲಿ ವಾಜಪೇಯಿ ಸಂಪುಟದ ರಕ್ಷಣಾ ಸಚಿವರಾದರು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ.ಎಚ್. ಪಟೇಲ್ ಮುಖ್ಯಮಂತ್ರಿಯಾಗಿ 1997ರಲ್ಲಿ ಏಳು ಹೊಸ ಜಿಲ್ಲೆಗಳನ್ನು ರಚಿಸಿದರು. ಆಡಳಿತ ಜನರ ಹತ್ತಿರ ಬರಬೇಕೆಂಬ ಲೋಹಿಯಾ ಆಶಯಕ್ಕೆ ಅದು ಒಪ್ಪುವ ಕೆಲಸ. ಎರಡು ವರ್ಷಗಳ ನಂತರ ಭಾರತೀಯ ಜನತಾ ಪಕ್ಷದ ಜೊತೆ ಚುನಾವಣಾ ಮೈತ್ರಿ ಮಾಡಿಕೊಂಡು, ಚನ್ನಗಿರಿಯಲ್ಲಿ ತಾವೂ ಸೋತರು. ಈ ಎರಡೂ ಮೈತ್ರಿಗಳಿಂದ ಗೇಣಿದಾರನಿಗಾಗಲೀ ಕೂಲಿಯವನಿಗಾಗಲೀ ಸಿಕ್ಕಿದ್ದೇನು ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ತಿಮ್ಮಪ್ಪನವರ ರಾಜಿಗೂ ಇವರ ರಾಜಿಗೂ ವ್ಯತ್ಯಾಸವಿರುವುದು ಇಲ್ಲಿ.

ಹಾಗೆಂದು ತತ್ವ ಕುಂದಿಲ್ಲದ್ದಾಗಿತ್ತು ಎಂದೂ ಭಾವಿಸಬಾರದು. ಕಾಗೋಡಿನ ಘೋಷಣೆ ಉಳುವವನ ಪರ. ಗೇಣಿಯ ಹಕ್ಕೂ ಇಲ್ಲದೆ ಇನ್ನೊಬ್ಬರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ದಲಿತರಿಗೆ ಆ ಘೋಷಣೆಯಲ್ಲಿ ಜಾಗವಿರಲಿಲ್ಲ. ಅರಸು ಅವರ ಕಾಯ್ದೆಯಿಂದಲೂ ಹೆಚ್ಚಿನ ಲಾಭ ಗೇಣಿದಾರರಿಗೇ ಆಯಿತು. ಕಾಗೋಡಿನ ಜಿಲ್ಲೆಯದೇ ಆದ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಬೇಕಾಗಿ ಬಂದದ್ದು ಈ ಕೊರತೆಯಿಂದಲೇ. ಜಾತಿವಿನಾಶದ ಬಗ್ಗೆ ಇಷ್ಟು ಮಾತನಾಡಿದ ಚಳವಳಿ ಭೂಮಿಯಿಲ್ಲದವರ ಭೂಮಿಯ ಪ್ರಶ್ನೆಯನ್ನು ತನ್ನದಾಗಿಸಿಕೊಳ್ಳದೇ ಹೋದದ್ದು ಅದರ ಯಾವ ರಾಜಿಗಿಂತಲೂ ದೊಡ್ಡ ಸೋಲು.

ಮುಂದೆ ಬಂದ ರಾಜ್ಯ ಮಟ್ಟದ ರೈತ ಸಂಘದ ಕಥೆಯಲ್ಲೂ ಇದೇ ಇಕ್ಕಟ್ಟು. ಸಮಾಜವಾದಿ ಯುವಜನ ಸಭಾದಿಂದ ಬಂದ ಎಂ.ಡಿ. ನಂಜುಂಡಸ್ವಾಮಿ 1980ರ ದಶಕದಲ್ಲಿ ಹಸಿರು ಶಾಲಿಗೆ ಘನತೆ ತಂದರು. 1989ರಲ್ಲಿ ಸಂಘದಿಂದ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಗೆದ್ದ ಬಾಬಾಗೌಡ ಪಾಟೀಲರು ಒಂಬತ್ತು ವರ್ಷಗಳಲ್ಲಿ ಭಾರತೀಯ ಜನತಾ ಪಕ್ಷದ ಕೇಂದ್ರ ಮಂತ್ರಿಯಾದರು. ಸಂಘ ಒಡೆಯುತ್ತಲೇ ಹೋಯಿತು.

ಇಂದು ಸಮಾಜವಾದದ ವಾರಸುದಾರಿಕೆ ಹೇಳಿಕೊಳ್ಳುವವರು ರಾಜ್ಯದ ಎಲ್ಲ ಪಕ್ಷಗಳಲ್ಲೂ ಸಿಗುತ್ತಾರೆ. ಅವರನ್ನು ಗೋಪಾಲಗೌಡರ ಭಾವಚಿತ್ರದ ಪಕ್ಕದಲ್ಲಿ ನಿಲ್ಲಿಸಿ ನೋಡುವುದರಿಂದ ಏನೂ ತಿಳಿಯದು. ಭೂಸುಧಾರಣಾ ಕಾಯ್ದೆಯ ವಿಷಯದಲ್ಲಿ ಅವರು ಹಾಕಿದ ಮತ ನೋಡಿದರೆ ತಿಳಿಯುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79-ಎ ಮತ್ತು 79-ಬಿ ಕಲಮುಗಳನ್ನು ಕಿತ್ತುಹಾಕುವ ತಿದ್ದುಪಡಿ 2020ರ ಡಿಸೆಂಬರ್‌ನಲ್ಲಿ ವಿಧಾನಪರಿಷತ್ತಿನ ಮುಂದೆ ಬಂತು. ಜನತಾ ಪರಿವಾರದ ಕುಡಿಯಾದ ಜಾತ್ಯತೀತ ಜನತಾದಳ ಅದನ್ನು ಬೆಂಬಲಿಸಿತು. ಹೊರಗೆ ರೈತ ಸಂಘಟನೆಗಳ ಪ್ರತಿಭಟನೆ ನಡೆಯುತ್ತಿರುವಾಗಲೇ ಮಸೂದೆ ಅಂಗೀಕಾರವಾಯಿತು.